ನಿಂತರೆ ಓಡುವ ಲೈನು

ರಜೆ ಅರ್ಜಿಗೆ ಮ್ಯಾನೇಜರ್ ಬೆಳಿಗ್ಗೆಯೇ ಒಂದು ಸಹಿ ಗೀಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಆ ಸೋಪು ಕಾರ್ಖಾನೆಯಲ್ಲಿ ಸಹಿ ಎಂಬುದು ಸೋಪಿಗಿಂತ ದುಬಾರಿ.

"ಪ್ಯಾಕಿಂಗ್ ಲೈನು ನಾಲ್ಕು ದಿನದಿಂದ ಮಧ್ಯಾಹ್ನ ಆದ್ರೆ ಸಾಕು, ನಿಂತೂ ನಿಂತೂ ಪ್ರಾಣ ತಿಂತಿದೆ," ಎಂದರು ಮ್ಯಾನೇಜರ್. "ಇವತ್ತು ಮಧ್ಯಾಹ್ನ ಒಂದು ಗಂಟೆ ಹೊತ್ತು ನಿಲ್ಲದೆ ಓಡಿಸಿ ತೋರ್ಸಿ, ಸಹಿ ಹಾಕ್ತೀನಿ. ಇಲ್ಲಾಂದ್ರೆ ರಜೆ ಮಾತೇ ಎತ್ತಬೇಡಿ."

ಯಂತ್ರಗಳಿಗೆ ಬುದ್ಧಿ ಕಲಿಸುವುದು ಅರ್ಜಿ ಹಾಕಿದ್ದ ಕಂಟ್ರೋಲ್ ಇಂಜಿನಿಯರನ ಕೆಲಸ. ಮ್ಯಾನೇಜರಿಗೆ ಕಲಿಸುವುದು ಅವನ ಸಂಬಳದಲ್ಲಿ ಸೇರಿರಲಿಲ್ಲ. ಆರು ಗಂಟೆಗೆ ರೈಲು. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮೂರು ವರ್ಷದಿಂದ ಹೇಳಿ ಹೇಳಿ ಅವನ ನಾಲಿಗೆ ಸವೆದಿತ್ತು. "ಈ ಸಲವೂ ಕೈಕೊಟ್ರೆ ನಾನು ಅಮ್ಮನ ಜೊತೆ ಹೋಗ್ತೀನಿ, ನೋಡ್ತಿರಿ," ಎಂದಿದ್ದಳು ಅವಳು. ಅವಳು ಹೇಳಿದ್ದನ್ನು ಮಾಡುವವಳು. ಅವನಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಎರಡು ಗಂಟೆಗೆ ಲೈನು ನಿಂತಿತು. ಪರದೆಯ ಮೇಲೆ 'ಪೆಟ್ಟಿಗೆ ಸಿಕ್ಕಿಕೊಂಡಿದೆ' ಎಂಬ ಕೆಂಪಕ್ಷರ. ಬಗ್ಗಿ ನೋಡಿದರೆ ಸಿಕ್ಕಿಕೊಂಡ ಪೆಟ್ಟಿಗೆಯ ಸುಳಿವೇ ಇಲ್ಲ. ಚಾಲೂ ಮಾಡಿದ, ಐದು ನಿಮಿಷಕ್ಕೆ ಮತ್ತೆ ನಿಂತಿತು.

ಸಲಹೆಗಾರರು ಸಕ್ಕರೆಗೆ ಇರುವೆಯಂತೆ ಮುತ್ತಿದರು.

"ವೈರ್ ಸಡಿಲ ಇರ್ಬೇಕು ಸಾರ್," ಎಂದ ಎಲೆಕ್ಟ್ರಿಷಿಯನ್, ಒಂದೂ ವೈರು ಮುಟ್ಟದೆ.

"ಪ್ರೋಗ್ರಾಮ್ ಬರೆದಿದ್ದು ಇವರೇ ಅಲ್ವಾ? ಅದ್ರಲ್ಲೇ ಏನೋ ಎಡವಟ್ಟು," ಎಂದ ಸೂಪರ್‌ವೈಸರ್, ಎಲ್ಲರಿಗೂ ಕೇಳುವಂತೆ.

"ಎರಡು ಬಿಟ್ರೆ ಸರಿಹೋಗುತ್ತೆ, ನಮ್ಮನೆ ಟೀವಿ ಹಂಗೇ," ಎಂದು ಸ್ಟೋರ್ಸ್ ಗುಮಾಸ್ತ ಪ್ಯಾನೆಲ್ಲಿಗೆ ಗುದ್ದಿಯೇಬಿಟ್ಟ. ಲೈನು ಓಡಲಿಲ್ಲ, ಚೆನ್ನಾಗಿದ್ದ ದೀಪವೊಂದು ಆರಿಹೋಯಿತು.

ಇಂಜಿನಿಯರ್ ವೈರುಗಳನ್ನೆಲ್ಲ ಬಿಚ್ಚಿ ಕಟ್ಟಿದ. ಪ್ರೋಗ್ರಾಮನ್ನು ಸಾಲುಸಾಲಾಗಿ ಜಾಲಾಡಿದ. ಕೊನೆಗೆ ರೋಸಿಹೋಗಿ, ಪೆಟ್ಟಿಗೆ ಎಣಿಸುವ ಸೆನ್ಸರನ್ನೇ ದುರುಗುಟ್ಟಿ ನೋಡುತ್ತ ಅದರ ಪಕ್ಕ ನಿಂತ. ಲೈನು ಓಡಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ನೀರು ಕುಡಿಯಲು ಆಚೆ ಹೋದ; ನಿಂತಿತು. ಬಂದು ನಿಂತ, ಓಡಿತು.

"ನಿಮ್ಮನ್ನ ಕಂಡ್ರೆ ಅದಕ್ಕೆ ಭಯಭಕ್ತಿ ಸಾರ್," ಎಂದ ಎಲೆಕ್ಟ್ರಿಷಿಯನ್.

ಆಗ ಹೊಳೆಯಿತು. ಎತ್ತರದ ಕಿಟಕಿಯಿಂದ ಇಳಿಬಿಸಿಲು ನೇರವಾಗಿ ಸೆನ್ಸರಿಗೆ ಹೊಡೆಯುತ್ತಿತ್ತು. ಕಣ್ಣು ಕುಕ್ಕಿ, ಅದು ಇಲ್ಲದ ಪೆಟ್ಟಿಗೆಯನ್ನು ಇದೆಯೆಂದು ಬೊಬ್ಬೆಯಿಡುತ್ತಿತ್ತು. ಅವನು ನಿಂತರೆ ನೆರಳು! ಒಂದು ರಟ್ಟಿನ ತುಂಡು ಅಡ್ಡ ಕಟ್ಟಿದರೆ ಮುಗಿಯಿತು. ಅವನಿಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

ರಟ್ಟು ಹಿಡಿದು ಬಂದವನಿಗೆ ಕ್ವಾಲಿಟಿ ಮೇಡಂ ಅಡ್ಡ ನಿಂತರು. "ಅನುಮತಿ ಇಲ್ಲದ ವಸ್ತು ಲೈನಿಗೆ ಕಟ್ಟೋ ಹಾಗಿಲ್ಲ. ಬದಲಾವಣೆ ಫಾರ್ಮ್ ತುಂಬಿ. ಸೇಫ್ಟಿ ಆಫೀಸರ್ ಒಪ್ಪಬೇಕು."

"ಈಗ್ಲೇ ತುಂಬ್ತೀನಿ. ಅವ್ರೆಲ್ಲಿ?"

"ಎರಡು ವಾರ ರಜೆ. ಸಮುದ್ರ ನೋಡೋಕೆ ಹೋಗಿದ್ದಾರೆ."

ಅಷ್ಟರಲ್ಲಿ ಮ್ಯಾನೇಜರ್ ಬಂದರು. ವಿಷಯ ಕೇಳಿ, "ವಸ್ತುವಿಗೆ ತಾನೆ ಅನುಮತಿ? ಮನುಷ್ಯ ನಿಂತ್ಕೋಬಹುದಲ್ಲ?" ಎಂದರು.

"ಧಾರಾಳವಾಗಿ," ಎಂದರು ಮೇಡಂ.

"ಹಾಗಾದ್ರೆ ಬೇರೆ ಯಾರಾದ್ರೂ ನಿಲ್ಲಲಿ ಸಾರ್," ಎಂದು ಇಂಜಿನಿಯರ್ ಅಂಗಲಾಚಿದ.

ಮ್ಯಾನೇಜರ್ ನ್ಯಾಯವಂತರು, ಪರೀಕ್ಷೆ ಮಾಡಿಸಿದರು. ಕಡ್ಡಿಯಂತಿದ್ದ ಎಲೆಕ್ಟ್ರಿಷಿಯನ್ನನ ಎರಡೂ ಪಕ್ಕದಿಂದ ಬಿಸಿಲು ತೂರಿತು. ಕುಳ್ಳ ಸೂಪರ್‌ವೈಸರನ ತಲೆಯ ಮೇಲಿಂದ ಬಂತು. ಗುಮಾಸ್ತನನ್ನು ಲೈನಿನ ಹತ್ತಿರ ಬಿಡಲು ಯಾರಿಗೂ ಧೈರ್ಯವಾಗಲಿಲ್ಲ. ಇಂಜಿನಿಯರ್ ನಿಂತ, ಹೇಳಿ ಮಾಡಿಸಿದಂತಿದ್ದ ಅವನ ಹೊಟ್ಟೆ ಒಂದು ಗೆರೆ ಬಿಸಿಲನ್ನೂ ಒಳಗೆ ಬಿಡಲಿಲ್ಲ.

ಐದೂಕಾಲಿಗೆ ಒಂದು ಗಂಟೆ ತುಂಬಿತು. ಲೈನು ಒಮ್ಮೆಯೂ ನಿಂತಿರಲಿಲ್ಲ.

"ಭೇಷ್! ಕೊಟ್ಟ ಮಾತು ಕೊಟ್ಟದ್ದೇ. ಸಹಿ ಹಾಕ್ತೀನಿ," ಎಂದು ಮ್ಯಾನೇಜರ್ ಜೇಬಿನಿಂದ ಪೆನ್ನು ತೆಗೆದರು. ಇಂಜಿನಿಯರನ ಕಣ್ಣು ತುಂಬಿ ಬಂತು. ಮ್ಯಾನೇಜರ್ ಮೇಡಂ ಕೈಯಲ್ಲಿದ್ದ ಬದಲಾವಣೆ ಫಾರ್ಮನ್ನು ತೆಗೆದುಕೊಂಡು, 'ಅನುಮತಿ ಬರುವವರೆಗಿನ ತಾತ್ಕಾಲಿಕ ವ್ಯವಸ್ಥೆ' ಎಂಬ ಕಲಂನಲ್ಲಿ ಅವನ ನೌಕರ ಸಂಖ್ಯೆ ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದರು.