ಹೆಸರಿಲ್ಲದ ಸ್ಟೋವು ಮಡಿಗೆ ಬಾರದು

ರಾಯಚೂರಿನಲ್ಲಿ ಇಂಗ್ಲಿಷನ್ನು ನೆಟ್ಟಗೆ ಉಚ್ಚರಿಸುವವರು ಇಬ್ಬರೇ ಇದ್ದ ಕಾಲವದು. ಒಬ್ಬ ರೈಲ್ವೆಯ ಗೋರಾ ಎಂಜಿನಿಯರ್ ಸಾಹೇಬ, ಇನ್ನೊಬ್ಬ ನಾನು. ಸಾಹೇಬ ಆಗಾಗ ತಪ್ಪುತ್ತಿದ್ದ!

ಇದು ನಾನು ಹೇಳುವ ಮಾತು. ಸಾಹೇಬನನ್ನು ಕೇಳಿ ಖಾತ್ರಿ ಮಾಡಿಕೊಳ್ಳುವ ಮೊದಲೇ ಅವನಿಗೆ ವರ್ಗವಾಗಿಬಿಟ್ಟಿತು. ಯುದ್ಧದ ದಿನಗಳು. ಬಂಗಲೆಯ ಸಾಮಾನೆಲ್ಲ ಲಿಲಾವಿಗೆ ಬಂತು. ಜನ ಕುರ್ಚಿಗೆ ಕೂಗಿದರು, ಮಂಚಕ್ಕೆ ಕೂಗಿದರು, ಒಬ್ಬ ಪುಣ್ಯಾತ್ಮ ಸಾಹೇಬನ ನಾಯಿಗೂ ಕೂಗಿದ. ನಾನು ಕೂಗಿದ್ದು ಮಾತ್ರ ಒಂದು ಹಿತ್ತಾಳೆ ಸ್ಟೋವಿಗೆ. ಗಾಳಿ ಹೊಡೆದರೆ ಭುಸುಗುಟ್ಟಿ ಉರಿಯುವ ಜಾತಿ. ಮೂರು ಕಾಲು, ದುಂಡನೆಯ ಹೊಟ್ಟೆ, ಹೊಟ್ಟೆಯ ಮೇಲೆ ಕೆತ್ತಿದ ವಿಲಾಯತಿ ಹೆಸರು. ಸಂಸ್ಥಾನವನ್ನೇ ಗೆದ್ದವನಂತೆ ಅದನ್ನು ತಲೆಯ ಮೇಲೆ ಹೊತ್ತು ಮನೆಗೆ ತಂದೆ.

ತಂದದ್ದು ನನ್ನ ಹೆಂಡತಿ ತುಂಗಾಬಾಯಿಗಾಗಿ. ಇಪ್ಪತ್ತೇಳು ವರ್ಷದಿಂದ ಆಕೆ ಹಸಿ ಜಾಲಿಕಟ್ಟಿಗೆಯ ಹೊಗೆ ಕುಡಿಯುತ್ತಿದ್ದಳು. ನಮ್ಮ ಅಡಿಗೆಮನೆಯ ಹೊಗೆ ಸಾಮಾನ್ಯದ್ದಲ್ಲ. ಒಂದು ಸಲ ಅದು ಕಿಟಕಿಯಿಂದ ಹೊರಬಿದ್ದು ಮೇಲೇರಿದ್ದನ್ನು ಕಂಡು ದೂರದ ಮಟಮಾರಿ ಹಳ್ಳಿಯ ರೈತರು ಮುಗಿಲು ಕಟ್ಟಿತೆಂದು ಕೂರಿಗೆ ಹೂಡಿಬಿಟ್ಟಿದ್ದರು!

“ತುಂಗಾ, ನಾಳಿಂದ ನಿನ್ನ ಕಣ್ಣಾಗ ಹೊಗಿಗೆ ಒಂದು ಹನಿ ನೀರು ಬಂದ್ರ ನನ್ನ ಹೆಸರು ವಿಠ್ಠಲರಾವ್ ಅಲ್ಲ!” ಎಂದು ಘೋಷಿಸಿದೆ.

ಆಕೆ ಸ್ಟೋವನ್ನು ನೋಡಿದಳು, ನನ್ನನ್ನು ನೋಡಿದಳು. “ಮೊದಲ ಒಳಗ ತರ್ರಿ. ಆಮ್ಯಾಲ ಹೆಸರು ಬದಲಿ ಮಾಡಿಕೋರಿ” ಎಂದಳು.

ಒಳಗೆ ತರುವುದು ಎಲ್ಲಿ ಬಂತು! ಅಡಿಗೆಮನೆಯ ಹೊಸ್ತಿಲ ಮೇಲೆ ನಮ್ಮವ್ವ ಜಾನಕಿಬಾಯಿ ಮಡಿಸೀರೆ ಉಟ್ಟು, ಕೋಟೆಬಾಗಿಲ ಆನೆಯಂತೆ ಅಡ್ಡ ನಿಂತಿದ್ದಳು.

“ಏನೋ ಅದು?”

“ಸ್ಟೋವ್ ಅವ್ವಾ.”

“ಅದು ಅದರ ಜಾತಿ ಆತು. ಹೆಸರೇನು?”

ಅವ್ವನ ಕಾನೂನು ಅದು. ಹೆಸರು ಗೊತ್ತಿಲ್ಲದ ಯಾವ ವಸ್ತುವೂ ಆಕೆಯ ಮಡಿ ಅಡಿಗೆಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಆಲೂಗಡ್ಡೆಯನ್ನು ಏಳು ವರ್ಷ ಹಿತ್ತಲಲ್ಲೇ ನಿಲ್ಲಿಸಿ ವಿಚಾರಣೆ ಮಾಡಿದವಳು!

ನಾನು ಗಂಟಲು ಸರಿಮಾಡಿಕೊಂಡೆ. ಸ್ಟೋವಿನ ಹೊಟ್ಟೆಯ ಮೇಲೆ ಸಿ, ಎಚ್, ಓ, ಯು, ಜಿ, ಎಚ್, ಇ, ಟಿ ಎಂದು ಎಂಟು ಅಕ್ಷರಗಳಿದ್ದವು. “ಶೂಗೇ!” ಎಂದೆ, ಮೂಗಿನಿಂದ. “ಫ್ರೆಂಚರ ಹೆಸರವ್ವಾ. ಕಡೀ ಅಕ್ಷರ ನುಂಗಬೇಕು.”

“ನುಂಗಬೇಕಾ? ನುಂಗಿದ್ದು ಎಂಜಲಾತಲ್ಲೋ! ಎಂಜಲ ಹೆಸರಿಂದು ನನ್ನ ಒಲಿಕಟ್ಟಿಗೆ ಬ್ಯಾಡ.”

ಅಷ್ಟರಲ್ಲಿ ಪಡಸಾಲೆಯಿಂದ ಎದ್ದು ಬಂದವನು ನನ್ನ ಭಾವಮೈದುನ ಪ್ರಹ್ಲಾದ. ತುಂಗಾಬಾಯಿಯ ತಮ್ಮ, ದೇವದುರ್ಗದಲ್ಲಿ ಸಾಲಿ ಮಾಸ್ತರ, ರಜೆಗೆಂದು ಬಂದಿದ್ದ. ಅವನೂ ಇಂಗ್ಲಿಷ್ ಬಲ್ಲೆ ಎನ್ನುವವನೇ. ಆದರೆ ಅವನ ಇಂಗ್ಲಿಷು ದೇವದುರ್ಗದ ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಕುಂಟುತ್ತಿತ್ತು.

“ಭಾವ, ಶೂಗೇ ಅಲ್ಲ. ಚಫೆಟ್! ‘ಸಾಕು’ ಅನ್ನಲಿಕ್ಕೆ ಇಂಗ್ಲಿಷ್‌ನ್ಯಾಗ ಏನಂತಾರ? ಇನಫ್. ಅದರಾಗೂ ಓ ಯು ಜಿ ಎಚ್ಚೇ ಅದ.”

“ಹಂಗಾರ ಕಲಸಿದ ಹಿಟ್ಟಿಗೆ ಏನಂತಾರ? ಡೋ! ಅಲ್ಲೂ ಅವೇ ನಾಲ್ಕು ಅಕ್ಷರ ಅವ. ನಿನ್ನ ‘ಫ’ ಅಲ್ಲಿ ಎಲ್ಲಿ ಹೋತೋ?”

“ಹಿಟ್ಟಿನಾಗ ಕಲಸಿ ಹೋತು, ಭಾವ!”

“ಸಾಕು ಅನ್ನಲಿಕ್ಕೆ ಸಾಕು ಅಂತಾರ!” ಎಂದು ತುಂಗಾಬಾಯಿ ಒಲೆಯ ಮುಂದಿನಿಂದ ಗುಡುಗಿದಳು. “ಸಾಕು ಮಾಡ್ರಿ ಇಬ್ಬರೂ! ಏನರ ಒಂದು ಅಂದು ಒಳಗ ತರ್ರಿ.”

ಏನಾದರೂ ಒಂದು ಅನ್ನುವುದೇ? ಉಚ್ಚಾರವೆಂದರೆ ಪಾತಿವ್ರತ್ಯವಿದ್ದಂತೆ! ನಾನು ಒಪ್ಪಲಿಲ್ಲ. ಪ್ರಹ್ಲಾದನೂ ಒಪ್ಪಲಿಲ್ಲ, ರಜೆ ಮುಗಿದರೂ ಊರಿಗೆ ಹೋಗಲಿಲ್ಲ. ಸ್ಟೋವು ಪಡಸಾಲೆಯಲ್ಲೇ ಕೂತಿತು. ಓಣಿ ಎರಡು ಪಕ್ಷವಾಯಿತು. ಶೂಗೇ ಪಕ್ಷದವರು ಚಫೆಟ್ ಪಕ್ಷದವರ ಬಾವಿಯ ನೀರು ಸೇದುವುದನ್ನು ಬಿಟ್ಟರು.

ತೀನ್ ಕಂದೀಲ್ ಚೌಕದ ಹತ್ತಿರ ದೀಪ, ಸ್ಟೋವು ರಿಪೇರಿ ಮಾಡುವ ದಸ್ತಗೀರ್ ಸಾಬನನ್ನು ಪಂಚನನ್ನಾಗಿ ಕರೆಸಿದೆವು. ಅವನು ಸ್ಟೋವನ್ನು ಮೂರು ಸುತ್ತು ತಿರುಗಿಸಿ ನೋಡಿ, “ಇದು ‘ಚೌಗತ್’ ಅದ ರಾವ್‌ಸಾಬ್. ಇದರ ಅಪ್ಪನ್ನೂ ರಿಪೇರಿ ಮಾಡೀನಿ ನಾ” ಎಂದ.

“ಚೌಗತ್? ಅದೆಲ್ಲಿಂದ ತಂದೀಯೋ?” ಎಂದೆವು ನಾನೂ ಪ್ರಹ್ಲಾದನೂ ಒಟ್ಟಿಗೆ. ನಾವಿಬ್ಬರೂ ಒಂದಾದದ್ದು ಅದೊಂದೇ ಸಲ.

ಸಾಬ ಎದ್ದು ಟೊಪ್ಪಿಗೆ ಸರಿಮಾಡಿಕೊಂಡ. “ಎಣ್ಣಿ ಹಾಕ್ರಿ, ಗಾಳಿ ಹೊಡೀರಿ, ಕಡ್ಡಿ ಗೀರ್ರಿ. ಉರೀತದ. ನೀವೇನು ಮಾಡಾಕತ್ತೀರಿ? ಹೆಸರು ಕರದ್ರ ಏಳಾಕ ಇದೇನು ಭೂತಾನ, ಜಿನ್ನ?”

ಜ್ಞಾನಿಗಳ ಮಾತು ಯಾರು ಕೇಳುತ್ತಾರೆ! ರವಿವಾರ ಬೆಳಿಗ್ಗೆ ಸ್ಟೋವನ್ನು ಹೆಗಲಿಗೇರಿಸಿ ನಾನು ಸ್ಟೇಷನ್ನಿಗೆ ಹೊರಟೆ. ಮದ್ರಾಸ್ ಕಂಪನಿಯ ಹಳಿ ಮುಗಿದು ಮುಂಬಯಿ ಕಂಪನಿಯ ಹಳಿ ಶುರುವಾಗುವುದು ನಮ್ಮ ರಾಯಚೂರಿನಲ್ಲಿಯೇ. ಎರಡೂ ಕಡೆಯ ಗೋರಾ ಗಾರ್ಡುಗಳು ಒಂದೇ ಪ್ಲಾಟ್‌ಫಾರ್ಮಿನಲ್ಲಿ ಸಿಗುತ್ತಾರೆ. ಇದಕ್ಕಿಂತ ದೊಡ್ಡ ಹೈಕೋರ್ಟು ಯಾವುದು?

ಮದ್ರಾಸ್ ಗಾರ್ಡು ಓದಿ “ಚೋಹೆ” ಎಂದ. ಮುಂಬಯಿ ಗಾರ್ಡು ಅವನ ಭುಜದ ಮೇಲಿಂದ ಬಗ್ಗಿ ನೋಡಿ “ಶಾಗಿಟ್” ಎಂದ. ಮೊದಲನೆಯವನು ಹಸಿರು ನಿಶಾನೆ ಬೀಸಿ ವಾದಿಸಿದ. ಎರಡನೆಯವನು ಕೆಂಪು ನಿಶಾನೆ ತೋರಿಸಿದ. ಮೇಲ್ ಗಾಡಿ ಹೊರಡಬೇಕೋ ನಿಲ್ಲಬೇಕೋ ತಿಳಿಯದೆ ಹಿಂದೆ ಮುಂದೆ ತೂಗಾಡತೊಡಗಿತು!

ಆಗ ಯಾರೋ ನನ್ನ ಹೆಗಲ ಮೇಲಿನ ಹಿತ್ತಾಳೆ ಹೊಟ್ಟೆಯನ್ನು ನೋಡಿ “ಬಾಂಬ್!” ಎಂದು ಕಿರುಚಿದರು. ಆ ಒಂದು ಇಂಗ್ಲಿಷ್ ಪದವನ್ನು ಮಾತ್ರ ಇಡೀ ಪ್ಲಾಟ್‌ಫಾರ್ಮು ಒಂದೇ ಉಚ್ಚಾರದಲ್ಲಿ ಹೇಳಿತು, ನೋಡಿ! ಎರಡು ಸಾವಿರ ಜನ ಓಡಿದರು. ಅಂದು ಓಡಿದ ಕೆಲವರು ದೂರದ ಕುರ್ಡಿ ಹಳ್ಳಿಯವರೆಗೂ ನಿಲ್ಲಲಿಲ್ಲವಂತೆ.

ಪೊಲೀಸ್ ಜವಾನ ವಲಿ ಪಾಷಾ ಬಂದು ಪುಸ್ತಕ ಬಿಚ್ಚಿದ. “ಹೆಸರೇನು?”

“ನಂದೋ, ಇದರದೋ?”

“ಮೊದಲ ಇದರದು ಹೇಳ್ರಿ.”

ಸಿಕ್ಕಿತು ಅವಕಾಶ! ನಾಲಿಗೆ ಎಲ್ಲಿಡಬೇಕು, ತುಟಿ ಎಷ್ಟು ದುಂಡಗೆ ಮಾಡಬೇಕು, ಕೊನೆಯ ಅಕ್ಷರವನ್ನು ಹೇಗೆ ನುಂಗಬೇಕು ಎಂದು ಅರ್ಧ ತಾಸು ಅವನಿಗೆ ಕಲಿಸಿದೆ. ಅವನು ಗಂಭೀರವಾಗಿ ಉರ್ದುವಿನಲ್ಲಿ ಒಂದೇ ಸಾಲು ಬರೆದುಕೊಂಡು ನನ್ನನ್ನು ಬಿಟ್ಟುಬಿಟ್ಟ. ಬಗ್ಗಿ ಓದಿದೆ. ‘ಒಬ್ಬ ಹುಚ್ಚ, ಒಂದು ಒಲೆ’ ಎಂದಿತ್ತು.

ಮನೆಗೆ ಬಂದರೆ ತುಂಗಾಬಾಯಿಯ ಕಣ್ಣು ಕಳಿತ ಮೆಣಸಿನಕಾಯಿಯಾಗಿದ್ದವು. “ಮೂರು ವಾರ ಆತು! ಮನಿಯಾಗ ಸ್ಟೋವ್ ಇಟಗೊಂಡು ನಾ ಹೊಗಿ ಕುಡೀಲಿಕ್ಕತ್ತೀನಿ. ನಾಳೆ ಇದು ಒಳಗ ಬರಲಿಲ್ಲ ಅಂದ್ರ ನಾ ಹೊರಗ ಹೋಗ್ತೀನಿ, ದೇವದುರ್ಗಕ್ಕ!”

ಈ ಬೆದರಿಕೆಗೆ ನಾನು ಹೆದರಿದೆ. ಪ್ರಹ್ಲಾದ ನನಗಿಂತ ಹೆಚ್ಚು ಹೆದರಿದ. ಆಕೆ ಹೋಗುವುದು ಅವನ ಮನೆಗೆ ತಾನೇ!

ಕೊನೆಗೆ ಅವ್ವನೇ ತೀರ್ಪು ಕೊಟ್ಟಳು. “ಹೆಸರಿಗೆ ಇಷ್ಟು ಬಡದಾಟ ಯಾಕ್ರೋ? ಹೆಸರು ಇಡಲಿಕ್ಕೆ ಒಂದು ಪದ್ಧತಿ ಇಲ್ಲೇನು? ತೊಟ್ಟಿಲಾಗ ಹಾಕ್ರಿ. ಸೋದರತ್ತಿ ಬಂದು ಕಿವಿಯಾಗ ಏನಂತಾಳೋ ಅದೇ ಹೆಸರು.”

ನಾನು ಕುಣಿದಾಡಿದೆ. ಸೋದರತ್ತೆ ಎಂದರೆ ಯಾರು? ತಂದೆಯ ಕಡೆಯವಳು! ಮಾನ್ವಿಯಲ್ಲಿರುವ ನನ್ನ ಸ್ವಂತ ಅಕ್ಕ! ಅವತ್ತೇ ಕಾಗದ ಬರೆದೆ: ‘ಶೂಗೇ. ದಿನಕ್ಕೆ ನೂರಾಎಂಟು ಸಲ ಜಪಿಸು. ನಿನ್ನ ತವರಿನ ಮಾನ ನಿನ್ನ ನಾಲಿಗೆಯ ಮೇಲಿದೆ.’

ಮುಂದಿನ ಶುಕ್ರವಾರ ಅಟ್ಟದಿಂದ ತೊಟ್ಟಿಲು ಇಳಿಯಿತು. ನನ್ನ ಮೂವರು ಹೆಣ್ಣುಮಕ್ಕಳು ತೂಗಿ ಬೆಳೆದ ತೊಟ್ಟಿಲು. ಮೂವರೂ ಗಂಡನ ಮನೆ ಸೇರಿದ ಮೇಲೆ ಜೇಡರಹುಳುವಿನ ಮಕ್ಕಳು ಮಾತ್ರ ತೂಗುತ್ತಿದ್ದವು. ಸ್ಟೋವಿಗೆ ಎಣ್ಣೆ ಹಚ್ಚಿ ಎರೆದರು, ತಲೆಗೆ ಕುಂಚಿಗೆ ಕಟ್ಟಿದರು, ದೃಷ್ಟಿಬೊಟ್ಟು ಇಟ್ಟರು. ತಾಯಿಯಾಗಿ ಯಾರಾದರೂ ಕೂಡಬೇಕಲ್ಲ? ಆರತಿಯ ಮುಂದೆ ಮಣೆಯ ಮೇಲೆ, ನಲವತ್ತು ದಾಟಿದ ತುಂಗಾಬಾಯಿ ಸ್ಟೋವನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಉಡಿ ತುಂಬಿದರು.

“ಕೂಸು ಗಂಡೋ ಹೆಣ್ಣೋ?” ಎಂದು ಅಕ್ಕ ಕೇಳಿದಳು.

ತುಂಗಾಬಾಯಿ ನನ್ನ ಕಡೆ ನೋಡಿ ಹೇಳಿದಳು: “ಗಾಳಿ ಹೊಡದ್ರ ಹಾರಾಡತದ. ಗಂಡೇ ಇರಬೇಕ್ರೀ, ವೈನಿ.”

ಅಕ್ಕ ತೊಟ್ಟಿಲ ಮೇಲೆ ಬಗ್ಗಿ, ಗಾಳಿ ಹೊಡೆಯುವ ತೂತನ್ನೇ ಕಿವಿಯೆಂದು ತಿಳಿದು, “ಕುರ್‍ರ್‍ರ್” ಎಂದಳು. ಹೆಸರಿಡುವ ಸೋದರತ್ತೆಯ ಬೆನ್ನಿಗೆ ಮುತ್ತೈದೆಯರು ಗುದ್ದುವುದು ನಮ್ಮ ಕಡೆಯ ಪದ್ಧತಿ. ಆದರೆ ನಮ್ಮ ಓಣಿಯ ಗುದ್ದು ಎಂದರೆ ಅಂತಿಂಥದ್ದಲ್ಲ. ಜೋಳ ಕುಟ್ಟಿ ಪಳಗಿದ ಕೈಗಳು! ಅದರಲ್ಲಿಯೂ ಅರ್ಧ ಜನ ಚಫೆಟ್ ಪಕ್ಷದವರು!

“ಶೂ...” ಎಂದಳು ಅಕ್ಕ. ಧಡ್!

“ಶೂಗ...” ಧಡ್! ಧಡ್!

“ಚೌ... ಚಫ... ಅಯ್ಯಯ್ಯೋ...” ಧಡ್!

ನೂರಾಎಂಟರ ಜಪ ಬೆನ್ನಿನಿಂದ ಹಾರಿಹೋಯಿತು. ತಲೆಮಾರುಗಳಿಂದ ನಮ್ಮ ಮನೆತನದಲ್ಲಿ ಗಂಡುಕೂಸಿಗೆ ಇಡುವ ಹೆಸರು ಒಂದೇ: ಅಜ್ಜನದು. ಅಕ್ಕನಿಗೆ ಆಗ ಬಾಯಿಗೆ ಬಂದದ್ದೂ ಅದೇ.

“ವೆಂಕೋಬಾ!” ಎಂದು ಆಕೆ ಚೀರಿ ಕುಸಿದಳು.

ವೆಂಕೋಬರಾವ್ ಎಂದರೆ ತೀರಿಕೊಂಡ ನಮ್ಮಪ್ಪ. ಮೂವರು ಮೊಮ್ಮಕ್ಕಳೂ ಹೆಣ್ಣಾದ್ದರಿಂದ ಆ ಹೆಸರು ತೊಟ್ಟಿಲಿಗೆ ಬಂದೇ ಇರಲಿಲ್ಲ. ಅವ್ವ ಮೆಲ್ಲಗೆ ಬಂದು ಸ್ಟೋವಿನ ಹೊಟ್ಟೆ ಸವರಿದಳು. ಕಣ್ಣೊರೆಸಿಕೊಂಡಳು. “ಬಂದ್ರು. ಹೊಟ್ಟಿನೂ ಅವರದೇ ಅದ” ಎಂದಳು.

ನಾನು ಸೋಲೊಪ್ಪಿದೆ. ಉಚ್ಚಾರ ಹಾಳಾಗಿ ಹೋಗಲಿ, ಹೆಂಡತಿಯ ಕಣ್ಣು ಉಳಿಯಲಿ! “ಹೆಸರು ಆತಲ್ಲವ್ವಾ? ಇನ್ನ ಒಳಗ ಒಯ್ದು ಹಚ್ಚೋಣ” ಎಂದು ಬೆಂಕಿಪೊಟ್ಟಣ ತೆಗೆದೆ.

ಅವ್ವ ಪೊಟ್ಟಣ ಕಸಿದುಕೊಂಡು ನನ್ನ ತಲೆಗೇ ಕುಟ್ಟಿದಳು. “ಪಾಪಿ! ನಿಮ್ಮಪ್ಪಗ ಬೆಂಕಿ ಇಡತೀಯಾ? ಒಮ್ಮೆ ಇಟ್ಟು ಬಂದದ್ದು ಸಾಲದೇನೋ?”

ಇಪ್ಪತ್ತು ಹೆಂಗಸರು “ಶಿವ ಶಿವಾ” ಎಂದು ಕೆನ್ನೆ ಬಡಿದುಕೊಂಡರು. ಸ್ಟೋವಿಗೆ ಹಾಲು ಹನಿಸಿ ತೊಟ್ಟಿಲಲ್ಲೇ ಮಲಗಿಸಲಾಯಿತು.

ನಾನು ಹೆದರುತ್ತ ತುಂಗಾಬಾಯಿಯ ಮುಖ ನೋಡಿದೆ. ಅಳುತ್ತಾಳೆ, ಇಲ್ಲವೇ ದೇವದುರ್ಗದ ಗಾಡಿ ಹೂಡಿಸುತ್ತಾಳೆ ಎಂದುಕೊಂಡೆ. ಆಕೆ ಆಕಳಿಸಿದಳು.

“ನಾ ಒಳಕೋಣ್ಯಾಗ ಹೋಗಿ ಅಡ್ಡಾಗ್ತೀನ್ರಿ.”

“ಮತ್ತ ಅಡಿಗಿ?”

“ಏನ್ರೀ, ತೊಟ್ಟಿಲ ಕೂಸಿನ ತಾಯಿ ನಾನು. ಬಾಣಂತಿ ಎಲ್ಲ್ಯಾರ ಅಡಿಗಿ ಮಾಡತಾಳೇನು?”

ಅವ್ವ ಹಣೆ ಚಚ್ಚಿಕೊಂಡಳು. “ಹೌದಲ್ಲ, ನನಗ ಖಬರೇ ಇಲ್ಲ! ಬಾಣಂತಿ ಮೂರು ತಿಂಗಳು ಹೊಗಿಗೆ ಕೂಡಬಾರದು. ವಿಠ್ಠಲಾ, ಸ್ನಾನ ಮಾಡಿ ಮಡಿ ಉಟಕೋ. ಒಲಿ ಮುಂದ ನಡಿ!”

ಹೀಗೆ ನಾನು, ಕಚೇರಿಯ ಹಿರಿಯ ಕಾರಕೂನ, ರಾಯಚೂರಿನ ಏಕೈಕ ಉಚ್ಚಾರಪಂಡಿತ, ಒದ್ದೆಪಂಚೆ ಉಟ್ಟು ಹಸಿ ಜಾಲಿಕಟ್ಟಿಗೆಯ ಮುಂದೆ ಕೂತೆ. ಆಕೆ ಕಿವಿಗೆ ಅರಳೆ, ತಲೆಗೆ ರುಮಾಲು, ಕೈಯಲ್ಲಿ ಊರಿಗೆ ಮರಳಿದ ಪ್ರಹ್ಲಾದ ದೇವದುರ್ಗದಿಂದ ಕಳಿಸಿದ ಅಂಟಿನುಂಡೆ ಹಿಡಿದು, ಕಾಲಿನಿಂದ ತೊಟ್ಟಿಲು ತೂಗುತ್ತ ಮಲಗಿದಳು. ಹದಿನೈದೇ ದಿನಕ್ಕೆ ಆಕೆಯ ಕಣ್ಣು ಬಾವಿಯ ನೀರಿನಂತೆ ತಿಳಿಯಾದವು.

ಒಂದು ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುವಾಗ ಹೊಗೆ ನುಗ್ಗಿ ನನಗೆ ಕೆಮ್ಮು ಹತ್ತಿತು. ಪ್ರಾಣ ಹೋಗುವಂತೆ ಕೆಮ್ಮಿದೆ. ಒಳಕೋಣೆಯಿಂದ ನನ್ನ ಹೆಂಡತಿ ಪಿಸುಮಾತಿನಲ್ಲಿ ಗದರಿದಳು:

“ಸಾವಕಾಶ ಕೆಮ್ಮರಿ! ಮಾವನವರಿಗೆ ಈಗಷ್ಟೇ ನಿದ್ದಿ ಹತ್ತೇದ!”