ದುಃಖ ಮರೆಸಲು ಆಗುಂಬೆ ಘಾಟಿಗೆ

ದುಃಖದಲ್ಲಿರುವವನನ್ನು ಸುಮ್ಮನೆ ಕೂರಲು ಬಿಡಬಾರದು ಎಂಬುದು ನಮ್ಮ ನೆಂಟರ ದೃಢ ನಂಬಿಕೆ. ಕೂತರೆ ಯೋಚಿಸುತ್ತಾನೆ, ಯೋಚಿಸಿದರೆ ಅಳುತ್ತಾನೆ, ಅತ್ತರೆ ಇವರೂ ಜೊತೆಗೂಡಬೇಕು; ಅದಕ್ಕೆಲ್ಲ ಪುರುಸೊತ್ತು ಯಾರಿಗಿದೆ? ನನ್ನ ಹೆಂಡತಿ ಗಿರಿಜೆ ತೀರಿಕೊಂಡ ಕೆಲವು ತಿಂಗಳಿಗೆ, ಅವಳ ತಮ್ಮ ರುದ್ರಪ್ಪ ಹೊಳಲ್ಕೆರೆಯ ನಮ್ಮ ಮನೆ ಮುಂದೆ ಬಾಡಿಗೆ ವ್ಯಾನೊಂದನ್ನು ತಂದು ನಿಲ್ಲಿಸಿದ. “ಹತ್ರಿ ಭಾವ, ಆಗುಂಬೆ ಘಾಟಿ ನೋಡ್ಕಂಡು ಬರಾಣ. ಮನಸ್ಸು ಹಗುರಾಗ್ತೈತೆ” ಎಂದ. ನನ್ನ ಮನಸ್ಸು ಹಗುರಾಗಲೆಂದು ವ್ಯಾನಿನ ತುಂಬ ಜನ ಆಗಲೇ ಕುಳಿತಿದ್ದರು.

ಜೊತೆಗೆ ಎರಡು ಕೊಡ ನೀರು. ನಮ್ಮದು ಬಯಲುಸೀಮೆ, ಕಂಡ ಊರಿನ ನೀರು ಒಗ್ಗುವುದಿಲ್ಲವೆಂದು ಎಲ್ಲಿಗೆ ಹೋದರೂ ಮನೆಯ ನೀರೇ ಆಗಬೇಕು. ಹೀಗಾಗಿ ಮಳೆಗೇ ಹೆಸರಾದ ಊರಿಗೆ ನಾವು ಹೊಳಲ್ಕೆರೆಯಿಂದ ನೀರು ಹೊತ್ತೆವು. ಒಂದು ಕೊಡ ನನ್ನ ತೊಡೆಯ ಮೇಲಿತ್ತು. ದುಃಖದಲ್ಲಿರುವವನ ಕೈಗೆ ಏನಾದರೂ ಕೆಲಸವಿರಬೇಕಂತೆ.

ನನ್ನ ಮುಂದೆ ಗಿರಿಜೆಯ ಹೆಸರೆತ್ತಕೂಡದೆಂದು ರುದ್ರಪ್ಪ ಎಲ್ಲರಿಗೂ ತಾಕೀತು ಮಾಡಿದ್ದ. ಅವಳು ಹೋದಂದಿನಿಂದ ಇದೇ ಕಟ್ಟುಪಾಡು. ಯಾರಾದರೂ ಅವಳ ಬಗ್ಗೆ ಒಂದು ಮಾತಾಡಲಿ ಎಂದು ನಾನು ಹಸಿದು ಕಾದಿದ್ದರೆ, ಇವರು ಅಡಿಕೆ ಧಾರಣೆ ಮಾತಾಡುತ್ತಿದ್ದರು. ಒಮ್ಮೆ ನಾನೇ ಅವಳ ಹೆಸರೆತ್ತಿ ನೋಡಿದ್ದೆ. ಒಬ್ಬರು ಓಡಿಹೋಗಿ ಕಾಫಿ ತಂದರು, ಇನ್ನೊಬ್ಬರು ಬೀಸಣಿಗೆ ಹಿಡಿದರು.

ಘಾಟಿಯ ನೆತ್ತಿ ತಲುಪಿದಾಗ ಕಂಡದ್ದು ಮಂಜು. ನಮ್ಮ ವ್ಯಾನೂ ಸರಿಯಾಗಿ ಕಾಣುತ್ತಿರಲಿಲ್ಲ. ರುದ್ರಪ್ಪ ಎದೆಗುಂದಲಿಲ್ಲ. “ಅಗಾ ನೋಡ್ರಿ, ಅಲ್ಲಿ ಕಣಿವೆ ಐತೆ. ಅದರಾಚೆ ಸಮುದ್ರ!”

“ಎಲ್ಲಪ್ಪ?”

“ಮೋಡದ ಹಿಂದೆ ಐತೆ ಬಿಡ್ರಿ ಭಾವ, ಎಲ್ಲಿಗೋಗ್ತೈತೆ?”

ಕಾಣದ ಸಮುದ್ರವನ್ನು ಇದೆ ಎಂದು ಇಷ್ಟು ಧೈರ್ಯವಾಗಿ ತೋರಿಸಿದವನು, ಇದ್ದ ಅಕ್ಕ ಇರಲೇ ಇಲ್ಲವೆಂಬಂತೆ ನಡೆದುಕೊಳ್ಳುತ್ತಿದ್ದ. ನಾನು ಮಂಜನ್ನೇ ಹೊಗಳಿದೆ.

ಘಾಟಿಯನ್ನು ಸ್ವಲ್ಪ ಇಳಿದು ನೋಡೋಣವೆಂದು ಹೊರಟದ್ದೇ ತಡ, ತಿರುವುಗಳು ಶುರುವಾದವು. ನನ್ನ ಅಕ್ಕ ಸಿದ್ದಮ್ಮನ ಮುಖ ಬಿಳಿಚಿಕೊಂಡಿತು. ಸೆರಗನ್ನು ಬಾಯಿಗೊತ್ತಿಕೊಂಡು, ತಾಕೀತನ್ನೆಲ್ಲ ಮರೆತು ನರಳಿದಳು: “ಅಯ್ಯೋ ಶಿವನೇ! ಗಿರಿಜಿ ಇದ್ದಿದ್ರೆ ಇಷ್ಟೊತ್ತಿಗೆ ನಿನ್ನ ಹೆಗಲ ಮ್ಯಾಲೆ ವಾಂತಿ ಮಾಡಿರ್ತಿದ್ಲು ಕಣೋ!”

ರುದ್ರಪ್ಪ ಅವಳತ್ತ ಕೆಕ್ಕರಿಸಿ ನೋಡಿದ. ಯಾರೋ ನನಗಾಗಿ ನೀರು ಬಗ್ಗಿಸಿದರು.

“ಹೆಗಲಿಗಲ್ಲಕ್ಕ,” ಎಂದೆ. “ಹಿರಿಯೂರು ಬಸ್ಸಲ್ಲಿ, ನನ್ನ ಹೊಸ ಛತ್ರಿ ಒಳಗೆ ಮಾಡಿದ್ಲು.” ಹೇಳುತ್ತಲೇ ನಗು ಬಂತು. ಕಣ್ಣಲ್ಲಿ ನೀರೂ ಬಂತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ರುದ್ರಪ್ಪನಿಗೂ ತಡೆಯಲಾಗಲಿಲ್ಲ. “ಛತ್ರಿ ಕಥೆ ನಮ್ಮಕ್ಕ ತವರಿಗೆ ಬಂದು ಹೇಳಿದ್ಲು ಭಾವ! ನೀವು ಅದನ್ನೇ ತೊಳ್ಕಂಡು ಮಾರನೇ ದಿನ ಆಫೀಸಿಗೆ ಹೋದ್ರಂತೆ!”

ಅಲ್ಲಿಂದ ಕಟ್ಟೆ ಒಡೆಯಿತು. ನನ್ನ ಗೊರಕೆ, ಜಿಪುಣತನ, ಹಲ್ಲಿ ಕಂಡರೆ ಮಂಚ ಹತ್ತುವ ಶೌರ್ಯ, ಎಲ್ಲವನ್ನೂ ಅವಳು ತವರಿನಲ್ಲಿ ಹಂಚಿ ಬಂದಿದ್ದಳು. ಅವಳ ಬಗ್ಗೆ ಒಂದು ಮಾತು ಬೇಡಿದವನಿಗೆ ನನ್ನ ಮಾನ ಕಳೆಯುವ ಮಾತೇ ದಾರಿಯುದ್ದಕ್ಕೂ ಸಿಕ್ಕಿತು. ಆದರೆ ಒಂದೊಂದು ಮಾತೂ ಅವಳು ಆಡಿದ್ದೇ. ಶಿವಮೊಗ್ಗ ದಾಟಿ ನಮ್ಮೂರಿನ ರಸ್ತೆ ಹಿಡಿದಾಗಲೂ ಅವಳ ಮಾತು ಮುಗಿದಿರಲಿಲ್ಲ. ಡ್ರೈವರನಿಗೆ ಹೇಳಿದೆ: “ಸ್ವಲ್ಪ ನಿಧಾನ ಹೊಡಿಯಪ್ಪ.”

“ಘಾಟಿ ಮುಗೀತಲ್ರಿ ಸ್ವಾಮಿ, ಇಲ್ಲೆಂಥ ಹೆದರಿಕೆ?” ಎಂದ ಅವನು.

“ನಮ್ ಭಾವ ಹಂಗೇ ಕಣಪ್ಪ, ಮೊದ್ಲಿಂದ್ಲೂ ಪುಕ್ಕಲು,” ಎಂದ ರುದ್ರಪ್ಪ. “ನಮ್ಮಕ್ಕನೇ ಹೇಳ್ತಿದ್ಲು.”

ಹೌದೆಂದು ಒಪ್ಪಿಕೊಂಡೆ.