ಕೆಂಪು ಕಾರಿನಲ್ಲಿ ಬಿರಾದಾರ ಸಾಹೇಬರು

ತನ್ನ ಬಳಿ ಇಲ್ಲದ ವಸ್ತುವಿಗಾಗಿ ಮನುಷ್ಯ ಪಡುವ ನಾಚಿಕೆ ಎಲ್ಲರಿಗೂ ಗೊತ್ತು. ಇರುವ ವಸ್ತುವಿಗಾಗಿ ಪಡುವ ನಾಚಿಕೆ ಬೇರೆ ಜಾತಿಯದು. ನನ್ನ ಬಳಿ ಒಂದು ಸ್ಪೋರ್ಟ್ಸ್ ಕಾರು ಇದೆ. ಈ ಮಾತನ್ನು ನಾನು ಮೂಲವ್ಯಾಧಿಯವರು ವೈದ್ಯರ ಮುಂದೆ ಬಾಯಿ ಬಿಡುವ ದನಿಯಲ್ಲಿ ಹೇಳುತ್ತೇನೆ. ಕೆಂಪು ಬಣ್ಣ, ಎರಡೇ ಬಾಗಿಲು, ಉದ್ದನೆಯ ಮೂತಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂಥ ಮೈಕಟ್ಟು. ಬಲ್ಲವರು ಇದನ್ನು ಕೂಪೆ ಅನ್ನುತ್ತಾರೆ. ನನ್ನ ಹೆಂಡತಿ ವಿಜಯಾ ‘ಅದು’ ಅನ್ನುತ್ತಾಳೆ. ಕೊಲ್ಲಿ ದೇಶದಿಂದ ಮರಳಿದ ಯಾರೋ ಶೋಕಿಲಾಲರು ಯಾವ ಕಾಲದಲ್ಲೋ ತರಿಸಿಕೊಂಡದ್ದು, ಕೈಯಿಂದ ಕೈಗೆ ದಾಟುತ್ತ ಹೈದರಾಬಾದಿಗೆ ಬಂದು, ನನ್ನ ಐವತ್ತನೆಯ ಹುಟ್ಟುಹಬ್ಬದ ಆಸುಪಾಸಿನಲ್ಲಿ ನನ್ನ ಕಣ್ಣಿಗೆ ಬಿತ್ತು. ಆ ವಯಸ್ಸಿನಲ್ಲಿ ಕೆಲವರು ಬೆಳಗಿನ ವಾಕಿಂಗ್ ಶುರು ಮಾಡುತ್ತಾರೆ, ಕೆಲವರು ಪಾರಾಯಣ ಹಿಡಿಯುತ್ತಾರೆ. ನಾನು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನಟ್ಟು ಬೋಲ್ಟುಗಳ ನಡುವೆ ತಲೆ ನೆರೆಸಿಕೊಂಡವನು. ಹೀಗಾಗಿ ನನ್ನ ಬುದ್ಧಿ ಕಬ್ಬಿಣದ ಕಡೆಗೇ ಹೋಯಿತು.

ಸುಖ ಇಲ್ಲವೆಂದರೆ ಸುಳ್ಳಾದೀತು. ಭಾನುವಾರ ಬೆಳಗ್ಗೆ, ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನವರು ಏಳುವ ಮೊದಲು ಇದನ್ನು ಹೊರಗೆ ತೆಗೆದು ರಿಂಗ್ ರೋಡಿಗೆ ಹತ್ತಿಸಿದರೆ, ಇಂಜಿನ್ನು ಗಂಟಲು ಸರಿಮಾಡಿಕೊಂಡು ಒಂದು ದನಿ ಹಿಡಿಯುತ್ತದಲ್ಲ, ಆಗ ನನಗೆ ಹೆಂಡತಿ, ಮಕ್ಕಳು, ಬರಬೇಕಾದ ಪ್ರಮೋಷನ್ನು ಯಾವುದೂ ನೆನಪಿರುವುದಿಲ್ಲ. ಸಿಗ್ನಲ್ಲಿನಲ್ಲಿ ಬೈಕಿನ ಹುಡುಗರು ಹೆಬ್ಬೆರಳು ಎತ್ತಿ ತೋರಿಸುತ್ತಾರೆ. ಅವರು ಕಾರಿಗೆ ತೋರಿಸಿದ್ದನ್ನು ನಾನು ನನಗೆ ಎಂದುಕೊಂಡು ತಲೆಬಾಗುತ್ತೇನೆ. ಉಳಿದ ದಿನಗಳ ಕಥೆ ಬೇರೆ. ಮಳೆ ಬಂದರೆ ನೀರು ಎಡಗಡೆಯ ಸೀಟಿನ ಮೇಲೇ ಸೋರುತ್ತದೆ. ಕಿಟಕಿಯ ಗಾಜು ಒಮ್ಮೆ ಇಳಿದರೆ ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಬೇಕು. ಎಡ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ನಾನೇ ಇಳಿದು ಸುತ್ತಿ ಬಂದು ತೆರೆಯಬೇಕು. ಮೊದಮೊದಲು ವಿಜಯಾ ಅದನ್ನು ನನ್ನ ಪ್ರೀತಿ ಎಂದು ತಿಳಿದಿದ್ದಳು. ಹಿಂದಿನ ಸೀಟು ಇದೆ ಎಂದು ಕಾಗದಪತ್ರದಲ್ಲಿ ಬರೆದಿದೆ. ವಾಸ್ತವದಲ್ಲಿ ಅದು ಕೈಚೀಲ ಇಡುವ ಜಾಗ. ಬಿಡಿಭಾಗ ಬೇಕೆಂದರೆ ಈ ಭೂಮಿಯ ಮೇಲೆ ಎಲ್ಲೂ ಸಿಗುವುದಿಲ್ಲ. ನಮ್ಮ ಮೆಕ್ಯಾನಿಕ್ ಸಲೀಂ ಭಾಯಿ ಪ್ರತಿ ಸಲ ಬಿಚ್ಚಿ ಜೋಡಿಸಿದಾಗಲೂ ಒಂದು ಹಿಡಿ ಸ್ಕ್ರೂ ಉಳಿಸಿ ನನ್ನ ಕೈಗೆ ಕೊಡುತ್ತಾನೆ. ಇವು ಎಲ್ಲಿಯವು ಎಂದರೆ, “ಫಿಕರ್ ನಕ್ಕೋ ಕರೋ ಸಾಬ್, ಇನೋಂಕೆ ಬಗೈರ್ ಭೀ ಚಲ್ತಾ” ಅನ್ನುತ್ತಾನೆ. ಆ ಸ್ಕ್ರೂಗಳಿಲ್ಲದೆಯೂ ನಡೆಯುತ್ತದಂತೆ. ಒಮ್ಮೊಮ್ಮೆ ನಡೆಯುತ್ತದೆ ಕೂಡ.

ಇಷ್ಟಾಗಿಯೂ ಇದು ನನ್ನ ಮತ್ತು ನನ್ನ ಮನೆಯವರ ನಡುವಿನ ಅವಮಾನವಾಗಿ ಉಳಿದುಬಿಡುತ್ತಿತ್ತು. ಅದನ್ನು ಊರ ಮುಂದೆ ಇಟ್ಟದ್ದು ನಾನೇ. ನಮ್ಮ ವಿಭಾಗದ ಮುಖ್ಯಸ್ಥರು ಬಿರಾದಾರ ಸಾಹೇಬರು, ವಿಜಯಪುರದ ಕಡೆಯವರು. ಆರಡಿ ಎತ್ತರ, ಅದಕ್ಕೆ ತಕ್ಕ ಗಾತ್ರ, ಇಸ್ತ್ರಿ ಕೆಡದ ಶರ್ಟು. ನೌಕರಿಯುದ್ದಕ್ಕೂ ಅವರು ನಕ್ಕದ್ದನ್ನು ನಾವು ನೋಡಿಲ್ಲ. ಮನೆಯಲ್ಲಿ ನಗುತ್ತಿದ್ದರೋ ಏನೋ. ನಾನು ಕಾರು ತಂದ ಹೊಸದರಲ್ಲಿ ಅವರು ಒಮ್ಮೆ ಪಾರ್ಕಿಂಗಿನಲ್ಲಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಿಂತಿದ್ದರು. ನಾನು ಹೊಗಳಿಕೆ ಕೇಳಲು ಮುಂದೆ ಹೋದೆ.

“ಹಂಚಿನಾಳ, ಮನ್ಯಾಗ ನಾಕ ಮಂದಿ ಅದೀರಿ. ಎರಡ ಬಾಗಲದ ಕಾರ ತಗೊಂಡು ಏನ ಮಾಡತೀರಿ?” ಎಂದು ಕೇಳಿದರು.

“ಇದೊಂದು ಹವ್ಯಾಸರಿ ಸಾಹೇಬ್ರ.”

“ಹವ್ಯಾಸಕ್ಕ ಹಾರ್ಮೋನಿಯಂ ಐತಲ್ಲ. ಅದು ಪೆಟ್ರೋಲ್ ಕುಡಿಯಂಗಿಲ್ಲ.”

ಇಷ್ಟು ಹೇಳಿ ಹೊರಟುಹೋದರು. ಆ ಹಾರ್ಮೋನಿಯಂ ನನ್ನ ಎದೆಯಲ್ಲಿ ವರ್ಷಗಟ್ಟಲೆ ನುಡಿಯುತ್ತಲೇ ಇತ್ತು. ಹೀಗಾಗಿ ಕಳೆದ ವರ್ಷ ಅವರ ನಿವೃತ್ತಿಯ ದಿನ ಹತ್ತಿರ ಬಂದು, ಸಾಹೇಬರನ್ನು ಮನೆಗೆ ಮುಟ್ಟಿಸುವ ಮಾತು ಬಂದಾಗ ನಾನು ಎದ್ದು ನಿಂತೆ. ನಮ್ಮಲ್ಲಿ ನಿವೃತ್ತರಾದವರನ್ನು ಹಾರ ಹಾಕಿ, ಆಫೀಸಿನ ಜೀಪಿನಲ್ಲಿ ಕೂರಿಸಿ, ಮನೆಯ ಬಾಗಿಲ ತನಕ ಬಿಟ್ಟುಬರುವ ರೂಢಿ. “ಸಾಹೇಬರು ಈ ಸಲ ನನ್ನ ಕಾರಿನ್ಯಾಗ ಹೋಗಲಿ” ಎಂದೆ. ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನುವ ಧೈರ್ಯ ಇದ್ದದ್ದು ವಿಜಯಾಗೆ ಮಾತ್ರ. “ಸುಮ್ಮ ಕುಂದರ್ರಿ. ಅವರ ಮೊಣಕಾಲ ಎಷ್ಟ ಉದ್ದ ಅದಾವು ನೋಡೀರೇನು? ಆ ಮನುಷ್ಯಾನ ಕಡೀ ದಿನಾ ಹಾಳ ಮಾಡಬ್ಯಾಡ್ರಿ” ಎಂದಳು. ಜೀಪಿನ ಚಾಲಕ ಯಾದಗಿರಿ ಕೂಡ ಮೆಲ್ಲಗೆ ಬಂದು, “ಸಾರ್, ಜೀಪು ವೆನಕಾಲೆ ತೀಸ್ಕೊಸ್ತಾನು, ಎಂದುಕೈನಾ ಮಂಚಿದಿ” ಎಂದ. ಯಾವುದಕ್ಕೂ ಇರಲಿ, ಜೀಪನ್ನು ಹಿಂದೆಯೇ ತರುತ್ತೇನೆ ಎಂಬುದು ಅವನ ಸಲಹೆ. ಸ್ಪೋರ್ಟ್ಸ್ ಕಾರಿನ ಹಿಂದೆ ಜೀಪು ಬರುವುದೆಂದರೆ ಮದುಮಗನ ಹಿಂದೆ ಆಂಬುಲೆನ್ಸು ಬಂದಂತೆ. ಬೇಡವೆಂದೆ.

ಬೀಳ್ಕೊಡುಗೆ ಚೆನ್ನಾಗಿಯೇ ಆಯಿತು. ಶಾಲು ಹೊದಿಸಿದರು, ನಮ್ಮ ಕನ್ನಡದ ಮಂದಿ ಸೇರಿ ಜರಿ ಪೇಟ ಇಟ್ಟೆವು, ಮೊಣಕಾಲ ತನಕ ಬರುವ ಗುಲಾಬಿ ಹಾರ ಹಾಕಿದೆವು, ಒಂದು ದೊಡ್ಡ ಗೋಡೆ ಗಡಿಯಾರ ಕೊಟ್ಟೆವು. ಹುಡುಗರು ಉತ್ಸಾಹದಲ್ಲಿ ನನ್ನ ಕಾರಿನ ಮೂತಿಗೆಲ್ಲ ಚೆಂಡುಹೂವಿನ ಸರ ಸುತ್ತಿದರು. ಗಾಳಿ ಒಳಗೆ ಹೋಗಬೇಕಾದ ಜಾಲರಿಯೂ ಅದೇ ಮೂತಿಯಲ್ಲಿದೆ ಎಂಬುದು ನನಗೆ ಹೊಳೆಯಬೇಕಿತ್ತು. ಆಗ ನಾನು ಫೋಟೋಕ್ಕೆ ನಿಲ್ಲುವ ಗಡಿಬಿಡಿಯಲ್ಲಿದ್ದೆ. ಮೊದಲು ಸಾಹೇಬರ ಪತ್ನಿ ಶಾಂತಾ ವೈನಿಯನ್ನು ಹಿಂದಿನ ಸೀಟಿಗೆ ತೂರಿಸಬೇಕಾಯಿತು. ಅವರು ರೇಷ್ಮೆ ಸೀರೆಯ ಸಮೇತ ಓರೆಯಾಗಿ ಇಳಿದು, ಮೊಣಕಾಲನ್ನು ಗದ್ದಕ್ಕೆ ಹಚ್ಚಿ ಕುಳಿತರು. ಅವರ ತೊಡೆಯ ಮೇಲೆ ಗಡಿಯಾರ, ಅದರ ಮೇಲೆ ಹಣ್ಣಿನ ಬುಟ್ಟಿ. ನಂತರ ಸಾಹೇಬರು. ಮೊದಲು ಒಂದು ಕಾಲು, ಆಮೇಲೆ ಸೊಂಟ, ಆಮೇಲೆ ಇನ್ನೊಂದು ಕಾಲು. ಪೇಟ ಚಾವಣಿಗೆ ಬಡಿಯಿತು. ತೆಗೆದು ಕೈಯಲ್ಲಿ ಹಿಡಿಯಿರಿ ಎಂದೆ. ಮಂದಿಯ ಮುಂದೆ ಇಟ್ಟ ಪೇಟವನ್ನು ಮಂದಿಯ ಮುಂದೆ ತೆಗೆಯುವವರು ಅವರಲ್ಲ. ಕುತ್ತಿಗೆಯನ್ನು ಬಲಕ್ಕೆ ವಾಲಿಸಿದರು. ಅವರ ಪೇಟ ನನ್ನ ಭುಜಕ್ಕೆ ತಾಗಿತು. ಹಾಗೆ, ನನ್ನ ಭುಜದ ಮೇಲೆ ತಲೆಯಿಟ್ಟವರಂತೆ, ಬಿರಾದಾರ ಸಾಹೇಬರು ಕಾರ್ಖಾನೆಯ ಗೇಟು ದಾಟಿದರು. ಚಪ್ಪಾಳೆಯಲ್ಲಿ ನಗೆಯೂ ಬೆರೆತಿತ್ತು.

ಅವರ ಮನೆಯೂ ಮಿಯಾಪುರದಲ್ಲೇ. ಸಂಜೆಯ ಟ್ರಾಫಿಕ್ಕಿನಲ್ಲಿ ತೆವಳುತ್ತ ತೆವಳುತ್ತ ಮೆಟ್ರೋ ಸ್ಟೇಷನ್ ಸಮೀಪಿಸುವ ಹೊತ್ತಿಗೆ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತ್ತು, ಚೆಂಡುಹೂಗಳ ನಡುವಿನಿಂದ ಹಬೆ ಏಳುತ್ತಿತ್ತು. ಒಂದು ಫಂಕ್ಷನ್ ಹಾಲಿನ ಹೆಬ್ಬಾಗಿಲಿನ ಎದುರಿಗೆ ಕಾರು ಒಮ್ಮೆ ಕೆಮ್ಮಿ ನಿಂತಿತು. ಅಲ್ಲಿ ಯಾರದೋ ಮದುವೆ. ವರನ ಕಾರಿಗಾಗಿ ಬ್ಯಾಂಡಿನವರು ಕಾಯುತ್ತ ನಿಂತಿದ್ದರು. ಹೂವು ಸುತ್ತಿದ ಕೆಂಪು ಕಾರು ಬಂತು, ಒಳಗೆ ಜರಿ ಪೇಟ, ಹಾರ ಕಂಡಿತು. ಬ್ಯಾಂಡ್ ಮಾಸ್ಟರ್ ಕೈ ಎತ್ತಿ “ದುಲ್ಹಾ ಆಗಯಾ, ಬಜಾವ್” ಎಂದ. ಬಜಾಯಿಸಿದರು.

ನಾನು ಇಳಿದು ಬಾನೆಟ್ ಎತ್ತಿ, ಹೂವಿನ ಸರ ಕಿತ್ತುಹಾಕುತ್ತ ನಿಂತೆ. ಎತ್ತಿದ ಬಾನೆಟ್ಟಿನ ಆಚೆ ಏನು ನಡೆಯುತ್ತಿದೆ ಎಂಬುದು ನನಗೆ ಕಾಣಿಸುತ್ತಿರಲಿಲ್ಲ, ಡೋಲಿನ ಸದ್ದಿನಲ್ಲಿ ಕೇಳಿಸುತ್ತಲೂ ಇರಲಿಲ್ಲ. ಸಾಹೇಬರು ಒಳಗಿನಿಂದ ತೆರೆಯದ ಬಾಗಿಲನ್ನು ಗುದ್ದುತ್ತಿದ್ದರಂತೆ. ನಾನು ತಲೆ ಹೊರಹಾಕುವಷ್ಟರಲ್ಲಿ ಹೆಣ್ಣಿನ ಕಡೆಯ ಹಿರಿಯ ಮುತ್ತೈದೆಯೊಬ್ಬರು ಆರತಿ ತಟ್ಟೆ ಹಿಡಿದು ಬಂದು ಕಿಟಕಿಯಲ್ಲಿ ಬಗ್ಗಿದ್ದರು. ಒಳಗೆ ನೋಡಿದವರೇ, “ಅಯ್ಯೋ, ಈಯನ ಪೆಳ್ಳಿಕೊಡುಕು ಕಾದು. ಪೆಳ್ಳಿಕೊಡುಕು ತಾತ” ಎಂದರು. ವರನಲ್ಲ, ವರನ ತಾತ. ಆಮೇಲೆ ಹಿಂದೆ ಗಡಿಯಾರದ ಮೇಲಿಂದ ಇಣುಕುತ್ತಿದ್ದ ಮುಖ ನೋಡಿ, ಹಿಂದೆ ಇರುವವರು ಯಾರು ಎಂದು ಕೇಳಿದರು.

“ನೇನು ಆಯನ ಭಾರ್ಯನು” ಎಂದರು ವೈನಿ, ಬಹಳ ಗಂಭೀರವಾಗಿ.

ತಂದ ಆರತಿಯನ್ನು ಹಿಂದಕ್ಕೆ ಒಯ್ಯಬಾರದೆಂದು ಆ ಮುತ್ತೈದೆ ಇಬ್ಬರಿಗೂ ಸೇರಿಸಿ ಬೆಳಗಿಬಿಟ್ಟರು. ನಾನು ಓಡಿ ಬಂದು ಬಾಗಿಲು ತೆರೆದೆ. ಸಾಹೇಬರಿಗೆ ಏಳಲಾಗಲಿಲ್ಲ. ತುತ್ತೂರಿಯವರಿಬ್ಬರು ತುತ್ತೂರಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದೊಂದು ತೋಳು ಹಿಡಿದು ಎಳೆದರು. ಮದುವೆ ಮನೆಯವರು ಸಭ್ಯರು. ಬಾಗಿಲಲ್ಲೇ ಎರಡು ಕುರ್ಚಿ ಹಾಕಿ, ಬಾದಾಮಿ ಹಾಲು ಕೊಟ್ಟು ಕೂರಿಸಿದರು. ಬರುವ ಅತಿಥಿಗಳೆಲ್ಲ ಪೇಟದ ಹಿರಿಯರನ್ನು ಕಂಡು ಕೈ ಮುಗಿಯುತ್ತ ಒಳಗೆ ಹೋದರು. ಒಬ್ಬರಂತೂ ಕಾಲಿಗೆ ಬಿದ್ದರು. ಸಾಹೇಬರು ಕೈ ಮುಗಿದವರಿಗೆಲ್ಲ ಕೈ ಮುಗಿದರು. ನನ್ನ ಕಡೆಗೆ ಮಾತ್ರ ನೋಡಲಿಲ್ಲ. ಕೊನೆಗೆ ಒಂದು ಆಟೋ ಸಿಕ್ಕಿತು. “ನಡಿ ಇನ್ನ” ಎಂದು ವೈನಿಗೆ ಹೇಳಿ ಹತ್ತಿದರು. ಅವರ ಅಪಾರ್ಟ್‌ಮೆಂಟಿನ ಕೆಳಗೆ ನೆಂಟರು, ನೆರೆಯವರು, ಆಫೀಸಿನ ಬಸ್ಸಿನಲ್ಲಿ ಮೊದಲೇ ಬಂದಿದ್ದ ನಮ್ಮ ವಿಭಾಗದವರು ಎಲ್ಲರೂ ಸ್ವಾಗತಕ್ಕೆ ನಿಂತಿದ್ದರು. ಇಡೀ ಕಾರ್ಖಾನೆ ಎದ್ದು ನಿಂತು ಗೌರವಿಸುತ್ತಿದ್ದ ಮನುಷ್ಯ ಅವರೆಲ್ಲರ ಮುಂದೆ ಆಟೋದಿಂದ ಇಳಿದು, ಹಾರ ಸರಿಮಾಡಿಕೊಂಡು ನಿಂತದ್ದನ್ನು ಅಲ್ಲಿಗೆ ಊಟಕ್ಕೆ ಹೋಗಿದ್ದ ವಿಜಯಾ ಆಮೇಲೆ ನನಗೆ ಹೇಳಿದಳು. ನಾನು ಆ ರಾತ್ರಿಯ ಊಟಕ್ಕೆ ಹೋಗಲಿಲ್ಲ. ಕಾರು ಆರುವುದನ್ನು ಕಾಯಬೇಕಿತ್ತು ಎಂಬುದು ನೆವ. ನಿಜವೇನೆಂದರೆ, ಅವರೆಲ್ಲರ ಎದುರು ಕೈಯಲ್ಲಿ ಲಡ್ಡು ಹಿಡಿದು ನಿಲ್ಲುವ ಮುಖ ನನ್ನ ಬಳಿ ಇರಲಿಲ್ಲ.

ಮುಂದಿನ ಕೆಲವು ತಿಂಗಳು ನಾನು ಮಿಯಾಪುರದಲ್ಲಿ ಕಳ್ಳನಂತೆ ಓಡಾಡಿದೆ. ಸಾಹೇಬರು ದೂರದಲ್ಲಿ ವಾಕಿಂಗ್ ಬರುವುದು ಕಂಡರೆ ಮೆಟ್ರೋ ಕಂಬದ ಹಿಂದೆ ಸರಿಯುತ್ತಿದ್ದೆ. ಅಷ್ಟು ದಪ್ಪ ಕಂಬ ಕಟ್ಟಿದವರಿಗೆ ನನ್ನಂಥವರ ಕಷ್ಟ ಗೊತ್ತಿದ್ದಿರಬೇಕು. ಕ್ಷಮೆ ಕೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ, ಅಳಿಸುತ್ತಿದ್ದೆ. ಹೀಗಿರುವಾಗ ಒಂದು ದಿನ ಶಾಂತಾ ವೈನಿಯ ಫೋನು ಬಂತು.

“ಹಂಚಿನಾಳ ಅವರ, ನಮ್ಮ ಅಕ್ಕನ ಮಗಳ ಲಗ್ನ ಐತಿ. ಸುಲ್ತಾನ್ ಬಜಾರಕ್ಕ ಸೀರಿ ತರಾಕ ಹೋಗಬೇಕು. ನಿಮ್ಮ ಕಾರ ತರ್ತೀರೇನು? ಆದ್ರ ಈ ಸಲ ನಾ ಮುಂದ ಕುಂದರಾಕಿ.”

“ಮತ್ತ ಸಾಹೇಬ್ರು?”

“ಅವರು ಮೆಟ್ರೋದಾಗ ಬರತಾರಂತ. ವಿಜಯಾನ್ನೂ ಅವರ ಜೋಡಿ ಕಳಸ್ರಿ.”

ವಿಜಯಾ ಕುಣಿದುಕೊಂಡು ಮೆಟ್ರೋ ಹತ್ತಿದಳು. ವೈನಿ ನನ್ನ ಪಕ್ಕದಲ್ಲಿ ಕಾಲು ಚಾಚಿ ಕುಳಿತು, ಕಿಟಕಿ ಇಳಿಸಿಕೊಂಡು, ಗಾಳಿಗೆ ಮುಖ ಕೊಟ್ಟರು. ನಾನು ಆ ದಿನದ ಮಾತೆತ್ತಿ ತಡವರಿಸಿದೆ. ಸಾಹೇಬರಿಗೆ ಭಾಳ ಸಿಟ್ಟು ಬಂದಿರಬೇಕು ಎಂದೆ.

“ಬಂದೈತಿ. ಆದ್ರ ನಿಮ್ಮ ಮ್ಯಾಲಲ್ಲರಿ. ಆ ಆರತಿ ತಂದಾಕಿ ಇವರನ್ನ ನೋಡಿ ವರನ ತಾತ ಅಂದಳಲ್ಲ, ಅಪ್ಪ ಅನ್ನಲಿಲ್ಲ ಅಂತ. ಇನ್ನೂ ಕನ್ನಡಿ ಮುಂದ ನಿಂತು ನನ್ನ ಕೇಳತಾರ.” ಗಾಳಿಗೆ ಹಾರುತ್ತಿದ್ದ ಸೆರಗು ಎಳೆದುಕೊಂಡು ಮತ್ತೆ ಹೇಳಿದರು. “ನಮ್ಮ ಲಗ್ನದಾಗ ಬಾಜಾ ಇರಲಿಲ್ಲರಿ. ಇವರ ಅಜ್ಜಿ ತೀರಿಕೊಂಡಿದ್ರಂತ ಗುಡ್ಯಾಗ ನಾಕ ಮಂದಿ ಮುಂದ ತಾಳಿ ಕಟ್ಟಿದ್ರು. ಅವತ್ತ ಆ ಬ್ಯಾಂಡ್ ಹತ್ತಿತಲ್ಲ, ನಾ ಹಿಂದ ಕುಂತು ನಕ್ಕೂ ನಕ್ಕೆ, ಅತ್ತೂ ಅತ್ತೆ. ಗಡಿಯಾರ ಅಡ್ಡ ಇತ್ತು, ಯಾರಿಗೂ ಕಾಣಲಿಲ್ಲ.”

ನನಗೂ ಅಳು ಬಂತು. ಕಾರಿಗೂ ಬಂದಿರಬೇಕು, ಲಕಡಿಕಾಪುಲ್ ಹತ್ತಿರ ನಿಂತುಬಿಟ್ಟಿತು. ಈ ಸಲ ಬಾಗಿಲು ತೆರೆದುಕೊಟ್ಟದ್ದಷ್ಟೇ ನನ್ನ ಕೆಲಸ. ವೈನಿ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಂಚಾರಿ ಪೊಲೀಸರೊಬ್ಬರನ್ನು ಕರೆದು ಒಂದು ಕಡೆ ನಿಲ್ಲಿಸಿ, ಇನ್ನೊಂದು ಕಡೆ ತಾವೇ ಕೈ ಹಚ್ಚಿ ನೂಕಿದರು. ನಾನು ಸ್ಟಿಯರಿಂಗ್ ಹಿಡಿದು ಕುಳಿತಿದ್ದೆ. ಯಾರಾದರೂ ಹಿಡಿಯಲೇಬೇಕಲ್ಲ.

ಸುಲ್ತಾನ್ ಬಜಾರ್ ಮುಟ್ಟಿದಾಗ ಸಾಹೇಬರೂ ವಿಜಯಾಳೂ ಆಗಲೇ ಬಂದು, ಒಂದು ಅಂಗಡಿಯ ಮುಂದೆ ಚಹಾ ಹಿಡಿದು ನಿಂತಿದ್ದರು. ಸಾಹೇಬರ ಕೂದಲು ಹೊಸದಾಗಿ ಕಪ್ಪಾಗಿತ್ತು. ತಿಂಗಳುಗಟ್ಟಲೆ ಜೋಡಿಸಿಟ್ಟ ಕ್ಷಮೆಯ ಮಾತೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರ ಎದುರು ಹೋಗಿ ನಿಂತು, ಕೈ ಮುಗಿದು, ಬಾಯಿ ತೆರೆದೆ.

“ಸಾಹೇಬ್ರ, ಮಿಯಾಪುರದಿಂದ ಇಲ್ಲೀತನಕ ಒಂದ ಸಲಾನೂ ನಿಲ್ಲಲಿಲ್ಲ ನೋಡ್ರಿ” ಎಂದೆ.

ಅದು ಯಾರು ಆಡಿದ ಮಾತು ಎಂದು ನಾನೇ ಗಾಬರಿಯಾದೆ. ವಿಜಯಾ ನೆಲ ನೋಡಿದಳು. ವೈನಿ, “ಹೌದ್ರಿ, ಒಂದ ಸಲಾನೂ ಇಲ್ಲ” ಎಂದರು. ಸಾಹೇಬರು ನನ್ನ ಮುಖ ನೋಡಲಿಲ್ಲ. ಹೆಂಡತಿಯ ಧೂಳು ಮೆತ್ತಿದ ಎರಡೂ ಅಂಗೈಗಳನ್ನು ನೋಡಿದರು. ಮೆಲ್ಲಗೆ ಜೇಬಿನಿಂದ ಕರವಸ್ತ್ರ ತೆಗೆದು ಅವರಿಗೆ ಕೊಟ್ಟರು. ಆಮೇಲೆ ಕನ್ನಡ ಬಲ್ಲ ಚಹಾದಂಗಡಿಯವನ ಕಡೆ ತಿರುಗಿ, “ಇವರಿಗೊಂದು ಚಾ ಕೊಡ್ರಿ, ಕಾರ ನೂಕಿ ದಣದಾರ” ಎಂದರು. ಅವರು ತೋರಿಸಿದ್ದು ನನ್ನನ್ನು. ಅಂಗಡಿಯವನು ಮರುಕದಿಂದ ನನ್ನ ಕೈಗೆ ಕಪ್ಪು ಕೊಟ್ಟ. ನನ್ನ ಕೈ ಸ್ವಚ್ಛವಾಗಿತ್ತು, ಆದಷ್ಟು ಮುಚ್ಚಿಕೊಂಡು ಕುಡಿದೆ.